ರಿಟರ್ನ್ ಬೆಂಗಳೂರಿಗೆ, ರೀಫಂಡ್ ಎಲ್ಲಿಗೆ?

ಪ್ರಶ್ನೆ: ನನಗೆ 81 ವರ್ಷ. ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಮಾಸ್ಟ್ರಾಗಿದ್ದು ನಿವೃತ್ತನಾದವನು. ಪೆನ್ಶನ್ ಟ್ರೆಷರಿಯಿಂದ ಬರುತ್ತದೆ. ಎರಡು ಬ್ಯಾಂಕಿನಲ್ಲಿ ಎಫ್‌ಡಿ ಇದೆ, ಸ್ವಲ್ಪ ಅಡಿಕೆ ತೋಟವೂ ಇದೆ. ಮೊದಲೆಲ್ಲ ನಾನೇ ಫಾರ್ಮ್ ತುಂಬಿ ಕಾಸರಗೋಡಿನ ಆದಾಯ ತೆರಿಗೆ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಂಡು ಬರುತ್ತಿದ್ದೆ. ಈಗ ಹತ್ತು ವರ್ಷದಿಂದ ಪೇಟೆಯ ಒಂದು ಆನ್‌ಲೈನ್ ಅಂಗಡಿಯಲ್ಲಿ ಮಾಡಿಸುತ್ತೇನೆ. 2024-25ರ ಅಸೆಸ್‌ಮೆಂಟ್ ವರ್ಷದ ರೀಫಂಡ್ ₹18,400 ಇನ್ನೂ ಬಂದಿಲ್ಲ. ಕಚೇರಿಯಲ್ಲಿ ಕೇಳಿದರೆ ರಿಟರ್ನ್‌ಗಳ ಲೆಕ್ಕ ನೋಡುವ ಬೆಂಗಳೂರಿನ ಕೇಂದ್ರದಲ್ಲಿ, ಅಂದರೆ ಸಿಪಿಸಿಯಲ್ಲಿ ಇದೆ ಎಂದರು. ಇದಲ್ಲದೆ 2008-09ರ ಬಾಕಿ ₹9,760 ಕಟ್ಟಿ ಎಂದು ಐದಾರು ವರ್ಷದ ಹಿಂದೆ ಬಂದ ಕಾಗದವೊಂದು ಇದೆ. ಅದನ್ನು ನಾನು ಆಗಲೇ ಕಟ್ಟಿದ್ದೆ. ನಮ್ಮ ಫೈಲು ಕೇರಳ ಬಿಟ್ಟು ಕರ್ನಾಟಕಕ್ಕೆ ಹೋಗಿದೆ, ಕಾಸರಗೋಡಿನ ಕಚೇರಿ ಮುಚ್ಚುತ್ತಾರೆ ಎಂದು ಕೆಲವರು ಹೇಳುತ್ತಾರೆ. ಅಮೆರಿಕದಲ್ಲೂ ಹೀಗೇ ಕೇಂದ್ರಗಳನ್ನು ಮುಚ್ಚಿದ್ದಾರೆ ಎಂದು ಅಲ್ಲಿರುವ ಮಗ ಹೇಳಿದ. ಎಂಬತ್ತು ದಾಟಿದವರು ಕಾಗದದಲ್ಲೇ ರಿಟರ್ನ್ ಕೊಡಬಹುದಂತೆ. ಮತ್ತೆ ಕಾಗದಕ್ಕೆ ಹೋಗಲೇ? ಅಥವಾ ಬೆಂಗಳೂರಿಗೇ ಹೋಗಿ ಕೇಳಲೇ?

ಉತ್ತರ: ಮಾಸ್ಟ್ರೇ, ಬೆಂಗಳೂರಿಗೆ ಹೋಗಬೇಡಿ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಸಿಪಿಸಿ ಜನರನ್ನು ಕೂರಿಸಿ ಮಾತಾಡುವ ಕಚೇರಿ ಅಲ್ಲ. ಅದರ ಕೆಲಸಕ್ಕೆಂದು ಮಾಡಿದ 2011ರ ಸ್ಕೀಮ್‌ನಲ್ಲೇ ಯಾರೂ ಅಲ್ಲಿ ಖುದ್ದಾಗಿ ಹಾಜರಾಗಬೇಕಿಲ್ಲ ಎಂದು ಬರೆದಿದೆ. ನಿಮ್ಮ ಹಣ ಸಿಕ್ಕಿಕೊಂಡಿರುವ ಜಾಗವೂ ಬಹುಶಃ ಬೆಂಗಳೂರಲ್ಲ. ಅದು ನಿಮ್ಮ ಬ್ಯಾಂಕ್ ಖಾತೆಯ ವಿವರದಲ್ಲಿ ಇರುವ ಸಾಧ್ಯತೆಯೇ ಜಾಸ್ತಿ.

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಜುಲೈ ಕೊನೆಯ ವಾರ ಜಡಿಮಳೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ರಿಟರ್ನ್ ಕಟ್ಟು ಹಿಡಿದು ಕ್ಯೂ ನಿಂತವನು ನಾನು. 'ಸರಳ್' ಎಂಬ ಒಂದು ಹಾಳೆಯ ಫಾರ್ಮ್ ಇತ್ತು, ನೆನಪಿದೆಯಲ್ವಾ? ಅದಕ್ಕೆ ಟಿಡಿಎಸ್ (ಹಣ ಕೊಡುವವರು ಮೊದಲೇ ಕತ್ತರಿಸಿದ ತೆರಿಗೆ) ಸರ್ಟಿಫಿಕೇಟ್‌ಗಳನ್ನು ಗುಂಡುಪಿನ್ನಿನಲ್ಲಿ ಚುಚ್ಚಿ ಕೊಡುತ್ತಿದ್ದೆವು. ಕೌಂಟರಿನಲ್ಲಿ ಕೂತವರು ಹಾಳೆ ಮಗುಚಿ ನೋಡಿ, 'ಇಲ್ಲಿ ಸಹಿ ಬಿಟ್ಟಿದ್ದೀರಿ' ಎಂದು ಅಲ್ಲೇ ತೋರಿಸುತ್ತಿದ್ದರು. ಕನ್ನಡ, ಮಲಯಾಳ, ತುಳು ಯಾವುದರಲ್ಲಾದರೂ ಮಾತು ನಡೆಯುತ್ತಿತ್ತು. ಆ ಕಣ್ಣು ಈಗ ಇಲ್ಲ. ಕಂಪ್ಯೂಟರ್ ಲೆಕ್ಕ ತಪ್ಪಿದರೆ ಹಿಡಿಯುತ್ತದೆ. ಆದರೆ ನಿಮ್ಮ ಫೋನ್ ನಂಬರ್ ಜಾಗದಲ್ಲಿ ಅಂಗಡಿಯವನ ನಂಬರ್ ಇದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಈಗ ಫೈಲು ಕರ್ನಾಟಕಕ್ಕೆ ಹೋಯಿತು ಎಂಬ ಮಾತು. ನಮ್ಮ ಗಡಿನಾಡಿನಲ್ಲಿ ಇಂಥ ಮಾತು ಬೇಗ ಹಬ್ಬುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಯಾವ ಕಾಗದ ಯಾವ ರಾಜ್ಯಕ್ಕೆ ಹೋಗುತ್ತದೆ ಎಂಬುದು ನಮಗೆ ಬರೀ ಕಚೇರಿಯ ವಿಷಯವಾಗಿ ಉಳಿದಿಲ್ಲ. ಆದರೆ ಇಲ್ಲಿ ರಾಜ್ಯದ ಪ್ರಶ್ನೆಯೇ ಇಲ್ಲ. ಆದಾಯ ತೆರಿಗೆ ಕೇಂದ್ರ ಸರಕಾರದ್ದು. ಬೆಂಗಳೂರಿನ ಸಿಪಿಸಿ ಕಾಶ್ಮೀರದ ರಿಟರ್ನನ್ನೂ ನೋಡುತ್ತದೆ, ಕನ್ಯಾಕುಮಾರಿಯದ್ದನ್ನೂ ನೋಡುತ್ತದೆ. 2009ರಲ್ಲಿ ಅದು ಶುರುವಾದಾಗ ಇಡೀ ದೇಶದ ಇ-ಫೈಲಿಂಗ್ ರಿಟರ್ನ್‌ಗಳ ಜೊತೆ ಕರ್ನಾಟಕ ಮತ್ತು ಗೋವಾದ ಕಾಗದದ ರಿಟರ್ನ್‌ಗಳೂ ಅಲ್ಲಿಗೆ ಹೋಗುತ್ತಿದ್ದವು. ಬರಬರುತ್ತಾ ಕಾಗದ ಕರಗಿತು, ಎಲ್ಲವೂ ಅಲ್ಲಿಗೇ ಸೇರಿತು. ಇದರಿಂದ ನಿಮ್ಮ ಕೇರಳದ ಪೆನ್ಶನ್‌ಗೆ ಏನೂ ಆಗುವುದಿಲ್ಲ.

ಯಾಕೆ ಹೀಗೆ ಒಂದೇ ಕಡೆ ಸೇರಿಸಿದರು ಎಂದರೆ, ಬೇರೆ ದಾರಿ ಇರಲಿಲ್ಲ. 2024ರ ಜುಲೈ 31ರವರೆಗೆ ಬಂದ ರಿಟರ್ನ್‌ಗಳೇ 7.28 ಕೋಟಿ. ವಾರ್ಡ್ ವಾರ್ಡಿನಲ್ಲಿ ಕೂತು ಕೈಯಲ್ಲಿ ಕೂಡಿ ಕಳೆದು, ರೀಫಂಡ್ ಚೆಕ್ ಬರೆದು, ಸಹಿ ಹಾಕಿ, ಅಂಚೆಗೆ ಹಾಕುವ ಲೆಕ್ಕ ಇದಲ್ಲ. 2019ರ ಜನವರಿಯಲ್ಲಿ ಕೇಂದ್ರ ಸಂಪುಟ ₹4,241.97 ಕೋಟಿಯ ಹೊಸ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಾಗ, ಒಂದು ರಿಟರ್ನ್‌ಗೆ ಸರಾಸರಿ 63 ದಿನ ಹಿಡಿಯುತ್ತಿತ್ತು, ಅದನ್ನು 1 ದಿನಕ್ಕೆ ಇಳಿಸುತ್ತೇವೆ ಎಂದಿದ್ದರು. ಎಲ್ಲರಿಗೂ ಒಂದೇ ದಿನದಲ್ಲಿ ಆಗುತ್ತಿಲ್ಲ, ನಿಜ. ಆದರೆ ಎಲ್ಲ ವಿವರ ಸರಿ ಇದ್ದ ಪೆನ್ಶನ್‌ದಾರರಿಗೆ ಹತ್ತು ಹದಿನೈದು ದಿನದಲ್ಲಿ ಹಣ ಬಿದ್ದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೊದಲಾಗಿದ್ದರೆ ಅದಕ್ಕೆ ವರ್ಷ ಕಾಯುತ್ತಿದ್ದೆವು.

ನಿಮ್ಮ ಮಗ ಹೇಳಿದ್ದೂ ಸರಿ. ಅಮೆರಿಕದ ತೆರಿಗೆ ಇಲಾಖೆ ಕಾಗದದ ರಿಟರ್ನ್ ನೋಡುವ ಕೇಂದ್ರಗಳನ್ನು ಒಂದೊಂದಾಗಿ ನಿಲ್ಲಿಸಿತು. 2019ರಲ್ಲಿ ಕೆಂಟಕಿಯ ಕವಿಂಗ್ಟನ್, 2021ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ. ಕೋವಿಡ್ ಬಂದಾಗ ಅಲ್ಲಿ ಕಾಗದದ ರಿಟರ್ನ್‌ಗಳು ಲಕ್ಷ ಲಕ್ಷ ರಾಶಿ ಬಿದ್ದವು, ಆನ್‌ಲೈನಿನವು ಮುಂದೆ ಹೋದವು. ಕಾಗದಕ್ಕೆ ಮರಳುವ ಮುಂಚೆ ಇದನ್ನು ಯೋಚಿಸಿ.

ಕಾಸರಗೋಡಿನ ಕಚೇರಿಯ ವಿಷಯ ಬೇರೆ. ಕಚೇರಿ ಇದೆ, ಅದರ ಕೆಲಸ ಬದಲಾಗಿದೆ. ರಿಟರ್ನ್‌ನ ಮೊದಲ ಲೆಕ್ಕ ಬೆಂಗಳೂರಿನದ್ದು. ಆಳವಾದ ತನಿಖೆ 2020ರಿಂದ ಹೆಚ್ಚಾಗಿ 'ಫೇಸ್‌ಲೆಸ್' ಆಗಿದೆ, ಅಂದರೆ ಯಾವ ಊರಿನ ಅಧಿಕಾರಿ ನೋಡುತ್ತಾರೆ ಎಂಬುದು ನಮಗೂ ತಿಳಿಯುವುದಿಲ್ಲ. ಉಳಿದದ್ದು ಹಳೆಯ ಬಾಕಿಯ ತಿದ್ದುಪಡಿ, ಸಿಪಿಸಿ ವಾಪಸ್ ಕಳಿಸಿದ ಕೇಸು, ಪಾನ್ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವುದು. ಇವು ಊರಿನ ಅಧಿಕಾರಿಯ ಕೈಯಲ್ಲೇ ಇವೆ. ಹಾಗಾಗಿ 'ಎಲ್ಲವೂ ಬೆಂಗಳೂರು' ಎಂಬ ಉತ್ತರ ಸಿಕ್ಕಿದರೆ ಸುಮ್ನೆ ವಾಪಸ್ ಬರಬೇಡಿ. ರೀಫಂಡ್‌ಗೆ ಆ ಮಾತು ಸರಿ. 2008-09ರ ಬಾಕಿಗೆ ಸರಿಯಲ್ಲ.

ಒಂದು ಗಡಿನಾಡಿನ ತೊಡಕು ಇದೆ. ನಮ್ಮಲ್ಲಿ ಎಷ್ಟೋ ಜನ ಮಂಗಳೂರಿನ ವಿಳಾಸ ಕೊಟ್ಟು ಪಾನ್ ಮಾಡಿಸಿಕೊಂಡಿದ್ದಾರೆ. ಮಕ್ಕಳ ಮನೆ ಅಲ್ಲಿ, ಬ್ಯಾಂಕ್ ಅಲ್ಲಿ, ಆಸ್ಪತ್ರೆ ಅಲ್ಲಿ. ಅಂಥವರ ಪಾನ್ ಮಂಗಳೂರಿನ ಅಧಿಕಾರಿಯ ಕೆಳಗೆ ಇರುತ್ತದೆ, ಮನೆ ಮಾತ್ರ ಬದಿಯಡ್ಕದಲ್ಲಿ. ಅವರು ಕಾಸರಗೋಡಿನಲ್ಲಿ ಎಷ್ಟು ಸಲ ಕೇಳಿದರೂ ಪ್ರಯೋಜನವಿಲ್ಲ. ಆದಾಯ ತೆರಿಗೆಯ ಪೋರ್ಟಲಿನ ಮೊದಲ ಪುಟದಲ್ಲಿ 'ನೋ ಯುವರ್ ಎಒ' (ನಿಮ್ಮ ತೆರಿಗೆ ಅಧಿಕಾರಿ ಯಾರೆಂದು ತಿಳಿಯಿರಿ) ಎಂದಿರುತ್ತದೆ. ಪಾನ್ ಮತ್ತು ಮೊಬೈಲ್ ನಂಬರ್ ಹಾಕಿದರೆ ನಿಮ್ಮ ಅಧಿಕಾರಿ ಯಾವ ಊರಿನವರು ಎಂದು ಬರುತ್ತದೆ. ಇದನ್ನು ಮೊದಲು ನೋಡಿಸಿ.

ಈಗ ರೀಫಂಡ್. ರಿಟರ್ನ್ ಹಾಕಿ ಅದು ನಮ್ಮದೇ ಎಂದು ಆನ್‌ಲೈನಿನಲ್ಲಿ ಖಚಿತಪಡಿಸಿದ (ಇ-ವೆರಿಫೈ) ಮೇಲೆ ಸಿಪಿಸಿ ಅದನ್ನು 26ಎಎಸ್ ಜೊತೆ, ಅಂದರೆ ನಿಮ್ಮ ಪಾನ್‌ನಲ್ಲಿ ಜಮೆಯಾದ ತೆರಿಗೆಯ ಪಟ್ಟಿಯ ಜೊತೆ ಹೋಲಿಸುತ್ತದೆ, ಕೂಡು ಕಳೆ ನೋಡುತ್ತದೆ, ಆಮೇಲೆ ಕಾಯ್ದೆಯ ಸೆಕ್ಷನ್ 143(1)ರ ಕೆಳಗೆ ಒಂದು ಇಂಟಿಮೇಶನ್ (ಲೆಕ್ಕದ ತಿಳುವಳಿಕೆ ಪತ್ರ) ಕಳಿಸುತ್ತದೆ. ಅದರಲ್ಲಿ ಎರಡು ಸಾಲು ಅಂಕಿ ಇರುತ್ತದೆ: ನೀವು ಕೊಟ್ಟದ್ದು, ಅವರು ಲೆಕ್ಕ ಹಾಕಿದ್ದು. ಎರಡೂ ಒಂದೇ ಆಗಿದ್ದರೆ ಬೆಂಗಳೂರಿನ ಕೆಲಸ ಮುಗಿಯಿತು. ಆ ಪಿಡಿಎಫ್ ತೆರೆಯುವುದಿಲ್ಲ ಎಂದು ಎಷ್ಟೋ ಜನ ಓದದೆ ಬಿಡುತ್ತಾರೆ. ಪಾನ್ ಅನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಬರೆದು, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ ಹಾಕಿದರೆ ತೆರೆಯುತ್ತದೆ. ಎರಡು ಸಾಲಿನಲ್ಲಿ ವ್ಯತ್ಯಾಸ ಇದ್ದರೆ ಮಾತ್ರ ತಿದ್ದುಪಡಿಯ ಅರ್ಜಿ ಬೇಕು.

ಇಂಟಿಮೇಶನ್ ಸರಿ ಇದ್ದೂ ಹಣ ಬಾರದಿದ್ದರೆ ಬ್ಯಾಂಕ್ ನೋಡಬೇಕು. ಕರಾವಳಿಯವರಿಗೆ ಇದು ವಿಶೇಷವಾಗಿ ಕಾಡಿದೆ. ನಮ್ಮ ಮನೆಮನೆಯ ಬ್ಯಾಂಕುಗಳೇ ಮಾಯವಾದವಲ್ಲ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿದವು. 2021ರಲ್ಲಿ ಮೂರರ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳೂ ನಿಂತವು. ಪೋರ್ಟಲಿನಲ್ಲಿ ಹಳೆಯ ಕೋಡ್ ಹಾಗೇ ಕೂತಿದ್ದರೆ ಹಣ ಹೊರಟು ಅರ್ಧ ದಾರಿಯಿಂದ ವಾಪಸ್ ಬರುತ್ತದೆ. ಹೋದ ಮಳೆಗಾಲದಲ್ಲಿ ಒಬ್ಬರು ಅಜ್ಜ ಪಾಸ್‌ಬುಕ್ಕನ್ನು ಹಾಲಿನ ಪ್ಯಾಕೆಟಿನೊಳಗೆ ಮಡಚಿ ತಂದಿದ್ದರು. ಬಿಚ್ಚಿ ನೋಡಿದರೆ ಹೆಸರಿಲ್ಲದ ಬ್ಯಾಂಕಿನ ಪಾಸ್‌ಬುಕ್, ಪುಟದ ಮೇಲೆ ಹಳೆಯ ಕೋಡ್. ಅಂಗಡಿಯವರು ವರ್ಷ ವರ್ಷ ಹಿಂದಿನದನ್ನೇ ನಕಲು ಮಾಡಿದ್ದರು. ಎರಡು ವರ್ಷದ ರೀಫಂಡ್ ಹಾಗೇ ನಿಂತಿತ್ತು.

ಎರಡನೆಯ ಕಾರಣ ಹೆಸರು. ಪಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ. ಬ್ಯಾಂಕಿನಲ್ಲಿ ಇನಿಶಿಯಲ್ ಕೊನೆಗೆ ಇರುತ್ತದೆ. ಆಧಾರ್‌ನಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಇಳಿದು 'ಭಟ್' ಹೋಗಿ 'ಭಟ್ಟ' ಆಗಿರುತ್ತದೆ, 'ಶೆಟ್ಟಿ'ಯ ಕಾಗುಣಿತ ಬೇರೆಯಾಗಿರುತ್ತದೆ. ಮನುಷ್ಯರಿಗೆ ಇದು ಒಬ್ಬರೇ ಎಂದು ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ. ಬ್ಯಾಂಕಿಗೆ ಹೋಗಿ ಪಾನ್ ಸೇರಿಸಿ, ಪಾನ್‌ನಲ್ಲಿರುವಂತೆಯೇ ಹೆಸರು ಮಾಡಿಸಿ. ಈ ಕೆಲಸಕ್ಕೆ ನೀವು ಒಬ್ಬರೇ ಹೋಗಬೇಡಿ, ಇಂಗ್ಲಿಷ್ ಅಕ್ಷರ ಒಂದೊಂದೇ ಹೋಲಿಸಿ ನೋಡುವವರೊಬ್ಬರು ಜೊತೆಗಿರಲಿ.

ಮೂರನೆಯದು ಫೋನ್, ಇದೇ ನನಗೆ ಜಾಸ್ತಿ ಚಿಂತೆಯ ವಿಷಯ. ನನ್ನಲ್ಲಿಗೆ ಬಂದ ತೋಟದವರೊಬ್ಬರ ಲಾಗಿನ್‌ನಲ್ಲಿ ಇದ್ದ ನಂಬರ್ ಒಂದು ಅಂಗಡಿಯ ಹುಡುಗನದ್ದು. ಹುಡುಗ ದುಬೈಗೆ ಹೋಗಿದ್ದ, ಆ ಸಿಮ್ ಬಂದ್ ಆಗಿತ್ತು. ಇಲಾಖೆ ಕಳಿಸಿದ ಎಲ್ಲ ಮೆಸೇಜೂ ಆ ಸತ್ತ ನಂಬರಿಗೆ ಹೋಗುತ್ತಿತ್ತು. ಇವರಿಗೆ ಏನೂ ಬಂದಿಲ್ಲ, ಹಾಗಾಗಿ ಇಲಾಖೆ ಏನೂ ಹೇಳಿಲ್ಲ ಎಂದು ನಂಬಿದ್ದರು. ಹುಡುಗನದು ಕೆಟ್ಟ ಮನಸ್ಸಲ್ಲ. ಒಟಿಪಿ ಕೇಳಲು ಪ್ರತಿಸಲ ಅಜ್ಜನಿಗೆ ಫೋನ್ ಮಾಡುವುದು ಕಷ್ಟ ಎಂದು ತನ್ನದನ್ನೇ ಹಾಕಿಕೊಂಡಿದ್ದ. ಆದರೆ ಇಂದು ನಿಮ್ಮ ಫೈಲಿನ ವಿಳಾಸ ಎಂದರೆ ಆ ನಂಬರೇ. ನಿಮ್ಮದು ಯಾವುದು ಇದೆ ಎಂದು ಇವತ್ತೇ ಕೇಳಿ. ನಿಮಗೆ ಮೆಸೇಜ್ ಓದುವುದು ಕಷ್ಟವಾದರೆ ಮನೆಯಲ್ಲಿರುವ ಸೊಸೆಯದ್ದೋ ಮೊಮ್ಮಗಳದ್ದೋ ನಂಬರ್ ಹಾಕಿಸಿ. ಹೊರಗಿನವರದ್ದು ಬೇಡ.

ಇವು ಮೂರೂ ಸರಿಯಾದ ಮೇಲೆ ಪೋರ್ಟಲಿನ ಸರ್ವಿಸಸ್ ಭಾಗದಲ್ಲಿ 'ರೀಫಂಡ್ ರೀಇಶ್ಯೂ' ಎಂದು ಅರ್ಜಿ ಹಾಕಬೇಕು. ಅದಕ್ಕೆ ಮುಂಚೆ ಖಾತೆ 'ವ್ಯಾಲಿಡೇಟೆಡ್', ಅಂದರೆ ಪರಿಶೀಲಿಸಿ ಸರಿ ಇದೆ, ಎಂದು ತೋರಿಸಲೇಬೇಕು. ಇದನ್ನು ಬಿಟ್ಟು ಅರ್ಜಿ ಹಾಕಿದರೆ ಎರಡನೆಯ ಸಲವೂ ಹಣ ತಿರುಗಿ ಬರುತ್ತದೆ. ರೀಫಂಡ್‌ಗೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಇದೆ, ಆದರೆ ತಡ ನಮ್ಮ ಕಡೆಯದ್ದಾದರೆ ಅಷ್ಟು ದಿನದ್ದು ಕಳೆಯುತ್ತಾರೆ. ಎರಡು ತಿಂಗಳಾದರೂ ಬಾರದಿದ್ದರೆ ಅದೇ ಪೋರ್ಟಲಿನ 'ಗ್ರೀವೆನ್ಸ್'ನಲ್ಲಿ ದೂರು ಬರೆಸಿ, ನಂಬರ್ ಬರೆದಿಟ್ಟುಕೊಳ್ಳಿ. ದೂರಿನಲ್ಲಿ ಕಷ್ಟಸುಖ ಬೇಡ. ಅಸೆಸ್‌ಮೆಂಟ್ ವರ್ಷ, ಇಂಟಿಮೇಶನ್ ತಾರೀಕು, ಖಾತೆ ವ್ಯಾಲಿಡೇಟ್ ಆದ ತಾರೀಕು, ಇಷ್ಟು ಸಾಕು.

ಒಂದು ವೇಳೆ 26ಎಎಸ್‌ನಲ್ಲೇ ಟಿಡಿಎಸ್ ಕಡಿಮೆ ಕಾಣಿಸಿದರೆ? ಆಗ ಬೆಂಗಳೂರೂ ಬೇಡ, ಕಾಸರಗೋಡೂ ಬೇಡ. ಟಿಡಿಎಸ್‌ಗೆ ಬೇರೆಯೇ ಸಿಪಿಸಿ ಇದೆ, ಗಾಜಿಯಾಬಾದಿನ ವೈಶಾಲಿಯಲ್ಲಿ. ಅದಕ್ಕೆ ವಿವರ ಕಳಿಸುವುದು ಹಣ ಕತ್ತರಿಸಿದ ಬ್ಯಾಂಕೋ ಟ್ರೆಷರಿಯೋ. ತಪ್ಪನ್ನು ಅವರೇ ತಿದ್ದಿ ಕಳಿಸಬೇಕು. ಕೊನೆಯ ಮೂರು ತಿಂಗಳ ವಿವರ ಕೊಡಲು ಅವರಿಗೆ ಮೇ 31ರವರೆಗೆ ಸಮಯ ಇರುವುದರಿಂದ ಜೂನ್ ಅರ್ಧ ದಾಟದೆ ರಿಟರ್ನ್ ಹಾಕಲು ಆತುರ ಪಡಬೇಡಿ.

ಇನ್ನು ಕಾಗದದ ರಿಟರ್ನ್. ಎಂಬತ್ತು ದಾಟಿದವರಿಗೆ ಅವಕಾಶ ಇದೆ ಎಂಬುದು ನಿಜ. ಆದರೆ ಯಾರೂ ಪೂರ್ತಿ ಹೇಳದ ಮಾತೊಂದಿದೆ. ಆ ರಿಯಾಯಿತಿ ಐಟಿಆರ್-1 ಮತ್ತು ಐಟಿಆರ್-4 ಎಂಬ ಎರಡು ರಿಟರ್ನ್ ಫಾರ್ಮ್‌ಗಳಿಗೆ ಮಾತ್ರ. ಕೃಷಿ ಆದಾಯ ₹5,000 ದಾಟಿದರೆ ಆ ಎರಡು ಫಾರ್ಮೂ ನಿಮಗೆ ಬರುವುದಿಲ್ಲ. ಇವತ್ತಿನ ಅಡಿಕೆ ರೇಟಿಗೆ ₹5,000 ಅಂದರೆ ಎಷ್ಟು? ಒಂದು ಸಣ್ಣ ಚೀಲವೂ ಅಲ್ಲ. ತೋಟ ಇರುವ ಪೆನ್ಶನ್‌ದಾರರಿಗೆ ಐಟಿಆರ್-2 ಬೇಕು, ಅದು ಆನ್‌ಲೈನಿನಲ್ಲೇ ಆಗಬೇಕು. ಹಾಗಾಗಿ ನಿಮ್ಮ ಮಟ್ಟಿಗೆ ಕಾಗದದ ದಾರಿ ಇಲ್ಲ. ಇದ್ದಿದ್ದರೂ ಯಾರೋ ಕೂತು ನಿಮ್ಮ ಕೈಬರಹದ ಅಂಕಿಯನ್ನು ಕಂಪ್ಯೂಟರಿಗೆ ಏರಿಸಲೇಬೇಕಿತ್ತು, ಅಲ್ಲಿ ಒಂದು ಸೊನ್ನೆ ತಪ್ಪಿದರೆ ನೀವೇ ಓಡಾಡಬೇಕಿತ್ತು.

ಇದರ ಜೊತೆಗೇ ಕೇಳುತ್ತೇನೆ, ನಿಮ್ಮ ಅಂಗಡಿಯವರು ತೋಟದ ಆದಾಯ ತೋರಿಸಿದ್ದಾರಾ? ನಮ್ಮ ಕಡೆ ಬಹಳ ರಿಟರ್ನ್‌ಗಳಲ್ಲಿ ಅದು ಇರುವುದೇ ಇಲ್ಲ. 'ಕೃಷಿಗೆ ತೆರಿಗೆ ಇಲ್ಲವಲ್ಲ' ಎಂದು ಬಿಟ್ಟುಬಿಡುತ್ತಾರೆ. ತೆರಿಗೆ ಇಲ್ಲ, ಸರಿ. ಅಂಗಳದಲ್ಲಿ ಒಣಗಿಸಿ ಸುಲಿದು ಚಾಲಿ ಮಾಡಿ ಮಾರಿದರೂ ಅದು ಕೃಷಿ ಆದಾಯವೇ. ಆದರೆ ಬೇರೆ ಆದಾಯ ತೆರಿಗೆಯ ಮಿತಿ ದಾಟಿದರೆ ಕೃಷಿ ಆದಾಯವನ್ನು ದರ ಲೆಕ್ಕ ಹಾಕಲು ಸೇರಿಸುತ್ತಾರೆ. ತೋರಿಸದೆ ಐಟಿಆರ್-1 ಹಾಕಿದ್ದರೆ, ಅಡಿಕೆ ಮಾರಿದ ಹಣ ಬ್ಯಾಂಕಿಗೆ ಬಂದದ್ದು ಯಾವುದೆಂದು ನಾಳೆ ಕೇಳಿದರೆ ಕೈಯಲ್ಲಿ ಉತ್ತರ ಇರುವುದಿಲ್ಲ. ಅಡಿಕೆ ಕೊಟ್ಟ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ.

2008-09ರ ₹9,760ಕ್ಕೆ ಬರುತ್ತೇನೆ. ಕೈಬರಹದ ಕಾಲದ ಬಾಕಿ ಪುಸ್ತಕಗಳನ್ನು ಸಿಪಿಸಿಯ ಕಂಪ್ಯೂಟರಿಗೆ ಏರಿಸಿದಾಗ ಇಂಥ ತಪ್ಪು ರಾಶಿ ರಾಶಿ ಬಂದವು. ಗುಂಡುಪಿನ್ ಕಿತ್ತು ಟಿಡಿಎಸ್ ಸರ್ಟಿಫಿಕೇಟ್ ಕಳೆದಿರುತ್ತದೆ, ಚಲನ್ ಬೇರೆ ಪಾನ್‌ಗೆ ಹೋಗಿರುತ್ತದೆ, ಬಾಕಿ ಮಾತ್ರ ನಮ್ಮ ಹೆಸರಲ್ಲಿ ಉಳಿದಿರುತ್ತದೆ. ಕಟ್ಟಿದವರಿಗೇ ಮತ್ತೆ ಕಟ್ಟಿ ಎನ್ನುವುದು ಸಣ್ಣ ನೋವಲ್ಲ. ದಿಲ್ಲಿ ಹೈಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡು 2013ರ ಮಾರ್ಚ್‌ನಲ್ಲಿ ಇಲಾಖೆಗೆ ಸರಿಪಡಿಸಲು ಹೇಳಿತ್ತು. ಆಮೇಲೆ 2024ರ ಫೆಬ್ರವರಿ 1ರ ಬಜೆಟ್‌ನಲ್ಲಿ, 2009-10ರ ಆರ್ಥಿಕ ವರ್ಷದವರೆಗಿನ ₹25,000 ತನಕದ ಬಾಕಿಯನ್ನೂ, 2010-11ರಿಂದ 2014-15ರವರೆಗಿನ ₹10,000 ತನಕದ ಬಾಕಿಯನ್ನೂ ಕೈಬಿಡುತ್ತೇವೆ ಎಂದರು. ಒಬ್ಬರಿಗೆ ಒಟ್ಟು ₹1 ಲಕ್ಷದ ಮಿತಿ. ನಿಮ್ಮದು ಇದರೊಳಗೆ ಬರುತ್ತದೆ. ಲಾಗಿನ್ ಮಾಡಿ 'ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್' ಪುಟ ನೋಡಿಸಿ. ಅದು ರದ್ದಾಗಿದೆ ಎಂದು ಇದ್ದರೆ ಆ ಪುಟ ಪ್ರಿಂಟ್ ತೆಗೆದು ಹಳೆಯ ಕಾಗದದ ಜೊತೆ ಇಡಿ.

ಇನ್ನೂ ಬಾಕಿ ಎಂದೇ ಕಾಣಿಸಿದರೆ 'ಒಪ್ಪುವುದಿಲ್ಲ' ಎಂದು ಉತ್ತರ ಹಾಕಿಸಿ, ಚಲನ್ ಅಂಟಿಸಿ. ಉತ್ತರಿಸದೆ ಬಿಟ್ಟರೆ ₹18,400ರಲ್ಲಿ ಅಷ್ಟನ್ನು ಹಿಡಿದುಕೊಳ್ಳಬಹುದು. ಹಾಗೆ ಹಿಡಿಯುವ ಮುಂಚೆ ನೋಟಿಸ್ ಬರುತ್ತದೆ, ಉತ್ತರಕ್ಕೆ 21 ದಿನ ಇರುತ್ತದೆ. ಫೋನ್ ನಂಬರಿನ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ. ಆಮೇಲೆ ಊರಿನ ಅಧಿಕಾರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆ ಸೀಲ್ ಇಂದಿಗೂ ಹಾಕುತ್ತಾರೆ.

ಮೆಸೇಜ್ ಬಗ್ಗೆ ಎಚ್ಚರ. 'ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ ಖಾತೆ ಸರಿಪಡಿಸಿ' ಎಂದು ಬಂದರೆ ಒತ್ತಬೇಡಿ. ರೀಫಂಡ್ ಕಾಯುತ್ತಿರುವವರೇ ಅದಕ್ಕೆ ಬೇಗ ಬೀಳುತ್ತಾರೆ. ಖಾತೆ ತಿದ್ದುವುದು ನಮ್ಮ ಲಾಗಿನ್ ಒಳಗೆ ಮಾತ್ರ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಕಾಗದಗಳಿಗೆ 'ಡಿನ್' ಎಂಬ ನಂಬರ್ ಇರುತ್ತದೆ, ಪೋರ್ಟಲಿನಲ್ಲಿ ಆ ನಂಬರ್ ಹಾಕಿ ಕಾಗದ ನಿಜವೋ ಸುಳ್ಳೋ ನೋಡಬಹುದು.

ಮುಂದಿನ ವರ್ಷಕ್ಕೆ ಎರಡು ಮಾತು. ಹಾಕಿದ ರಿಟರ್ನನ್ನು 30 ದಿನದೊಳಗೆ ವೆರಿಫೈ ಮಾಡಲೇಬೇಕು, 2022ರ ಜುಲೈವರೆಗೆ ಇದ್ದ 120 ದಿನ ಈಗ ಇಲ್ಲ. ಆಧಾರ್‌ಗೆ ಮೊಬೈಲ್ ಸೇರಿಲ್ಲದವರು ಐಟಿಆರ್-ವಿ ಎಂಬ ವೆರಿಫೈ ಮಾಡುವ ಹಾಳೆಗೆ ಸಹಿ ಹಾಕಿ ಬೆಂಗಳೂರು 560500 ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಬಹುದು. ಇನ್ನೊಂದು, ಬ್ಯಾಂಕ್ ಕತ್ತರಿಸದೇ ಇದ್ದರೆ ರೀಫಂಡ್ ಕೇಳುವ ಪ್ರಸಂಗವೇ ಬರುವುದಿಲ್ಲ. ಹಿರಿಯರಿಗೆ ಬಡ್ಡಿಯ ಮೇಲಿನ ಟಿಡಿಎಸ್ ಮಿತಿ 2025ರ ಏಪ್ರಿಲ್ 1ರಿಂದ ₹50,000 ಇದ್ದದ್ದು ₹1 ಲಕ್ಷಕ್ಕೆ ಏರಿದೆ. ಅದಕ್ಕಿಂತ ಜಾಸ್ತಿ ಬಡ್ಡಿ ಇದ್ದು, ಒಟ್ಟು ಲೆಕ್ಕದಲ್ಲಿ ತೆರಿಗೆ ಸೊನ್ನೆ ಬರುವುದಾದರೆ ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಘೋಷಣೆ ಕೊಡಬಹುದು, ನಾವು ಇಷ್ಟು ಕಾಲ 15ಎಚ್ ಎಂದು ಕರೆದದ್ದು. ತೋಟದ ಆದಾಯ ಸೇರಿಸಿ ಲೆಕ್ಕ ಹಾಕದೆ ಅದಕ್ಕೆ ಸಹಿ ಹಾಕಬೇಡಿ, ಸುಳ್ಳು ಘೋಷಣೆಗೆ ಶಿಕ್ಷೆ ಇದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಲಾಗೂ ಆಗಿ ಸೆಕ್ಷನ್ ನಂಬರ್‌ಗಳು ಬದಲಾಗುತ್ತವೆ. ನಿಮ್ಮ ಈ ಎರಡು ವಿಷಯಗಳು ಹಳೆಯ ವರ್ಷದವು, ಹಳೆಯ ನಂಬರಿನಲ್ಲೇ ನಡೆಯುತ್ತವೆ.

ಪೇಟೆಗೆ ಹೋಗುವಾಗ ಪಾನ್, ಆಧಾರ್, ಈಗಿನ ಬ್ಯಾಂಕ್ ಹೆಸರಿನ ಹೊಸ ಪಾಸ್‌ಬುಕ್, 2008-09ರ ಚಲನ್, ಮೆಸೇಜ್ ಬರುವ ಆ ಫೋನ್, ಇಷ್ಟೂ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಫೋನ್ ಚಾರ್ಜ್ ಮಾಡಿಕೊಂಡು ಹೋಗಿ, ಒಟಿಪಿ ಬರುವ ಹೊತ್ತಿಗೇ ಅದು ಸತ್ತರೆ ಇಡೀ ದಿನ ಹಾಳಾಗುತ್ತದೆ.